ಸಣ್ಣ ದ್ವೀಪ, ದೊಡ್ಡ ಹಳಿ: ಮಾರಿಷಸ್‌ಗೆ ರೈಲು ಬೇಕಿತ್ತೇ?

ಮಾರಿಷಸ್‌ನ ಮುಖ್ಯ ದ್ವೀಪ ಉದ್ದಕ್ಕೆ ಸುಮಾರು 65 ಕಿಲೋಮೀಟರ್, ಅಗಲಕ್ಕೆ 45. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ನಮ್ಮಲ್ಲಿ ಒಂದು ಜಿಲ್ಲೆಯಷ್ಟೂ ಇಲ್ಲದ ಈ ದೇಶ 2020ರ ಜನವರಿ 10ರಂದು ತನ್ನ ಲಘು ರೈಲಿನಲ್ಲಿ ಟಿಕೆಟ್ ಕೊಟ್ಟು ಜನರನ್ನು ಕೂರಿಸಿಕೊಳ್ಳಲು ಶುರುಮಾಡಿತು. ಇಷ್ಟು ಚಿಕ್ಕ ನಾಡಿಗೆ ರೈಲು ಬೇಕೇ, ಬೇಕಾದರೆ ಯಾರ ದುಡ್ಡಿನಲ್ಲಿ, ಬಸ್ಸಿನವರ ಗತಿ ಏನು ಎಂಬ ವಾದ ಅದಕ್ಕೂ ಎಷ್ಟೋ ವರ್ಷ ಮೊದಲೇ ಹುಟ್ಟಿತ್ತು. ರೈಲು ಓಡತೊಡಗಿದ ಮೇಲೂ ಅದು ಮುಗಿದಿಲ್ಲ.

ಈ ವಾದ ನಮಗೂ ಸೇರಿದ್ದು. ಆ ಹಳಿಗೆ ಬಿದ್ದ ಹಣದಲ್ಲಿ ದೊಡ್ಡ ಪಾಲು ಭಾರತ ಸರ್ಕಾರದ್ದು, ಅಂದರೆ ನಮ್ಮ ತೆರಿಗೆಯದು. ಕಟ್ಟಿದ್ದು ಲಾರ್ಸನ್ ಅಂಡ್ ಟೂಬ್ರೊ, ತಾಂತ್ರಿಕ ಸಲಹೆ ನೀಡಿದ್ದು ಭಾರತೀಯ ರೈಲ್ವೆಯ ರೈಟ್ಸ್ ಸಂಸ್ಥೆ. ಹೆಸರು ‘ಮೆಟ್ರೋ ಎಕ್ಸ್‌ಪ್ರೆಸ್’ ಎಂದಿದ್ದರೂ ಇದು ಬೆಂಗಳೂರಿನ ‘ನಮ್ಮ ಮೆಟ್ರೋ’ದಂಥದ್ದಲ್ಲ. ಬಹುಪಾಲು ನೆಲದ ಮೇಲೆಯೇ ಸಾಗುತ್ತದೆ, ಊರಿನೊಳಗೆ ಸಿಗ್ನಲ್‌ಗಳಲ್ಲಿ ರಸ್ತೆಯನ್ನು ಅಡ್ಡಹಾಯುತ್ತದೆ, ಹಳ್ಳ ಮತ್ತು ದೊಡ್ಡ ವೃತ್ತ ಬಂದಲ್ಲಿ ಮಾತ್ರ ಸೇತುವೆ ಏರುತ್ತದೆ. ಟ್ರಾಮಿನ ಹತ್ತಿರದ ನೆಂಟ ಅದು.

ಮೊದಲ ರೈಲು ಕಟ್ಟಿದ ಊರುಗಳು

ಮಾರಿಷಸ್‌ನಲ್ಲಿ ರೈಲು ಹೊಸದೇನಲ್ಲ. 1864ರಲ್ಲಿ ರಾಜಧಾನಿ ಪೋರ್ಟ್ ಲೂಯಿಯಿಂದ ಉತ್ತರ ಮಾರ್ಗ ತೆರೆಯಿತು. ಮರುವರ್ಷವೇ ಕ್ಯೂರ್‌ಪಿಪ್ ಮೂಲಕ ಆಗ್ನೇಯದ ಮಾಹೆಬೂರ್‌ವರೆಗೆ ಮಧ್ಯ ಮಾರ್ಗ ಬಂತು. ಬ್ರಿಟಿಷರು ಅದನ್ನು ಹಾಕಿದ್ದು ಜನರಿಗಾಗಿ ಅಲ್ಲ, ಸಕ್ಕರೆಗಾಗಿ. 1834ರಿಂದ ಬಂದಿಳಿಯುತ್ತಿದ್ದ ಭಾರತೀಯ ಗಿರ್ಮಿಟ್ ಕೂಲಿಗಳು ಬೆಳೆದ ಕಬ್ಬು ಒಳನಾಡಿನ ಗಾಣಗಳಲ್ಲಿ ಸಕ್ಕರೆಯಾಗಿ ಬಂದರಿಗೆ ಇಳಿಯಬೇಕಿತ್ತು. ಎತ್ತಿನ ಗಾಡಿಗಳಿಂದ ಅದು ಸಾಗದಾಗಿತ್ತು.

ಆದರೆ ರೈಲು ಮಾಡಿದ ದೊಡ್ಡ ಕೆಲಸ ಬೇರೆಯೇ. ಮಧ್ಯ ಮಾರ್ಗ ತೆರೆದ ಮರುವರ್ಷ, 1866ರಲ್ಲಿ, ದ್ವೀಪಕ್ಕೆ ಮಲೇರಿಯಾ ಅಪ್ಪಳಿಸಿತು. ಮುಂದಿನ ಎರಡು ವರ್ಷಗಳಲ್ಲಿ ಹತ್ತಾರು ಸಾವಿರ ಜನ ಸತ್ತರು. ಪೋರ್ಟ್ ಲೂಯಿ ಸಮುದ್ರಮಟ್ಟದಲ್ಲಿ ಬೆಟ್ಟಗಳ ನಡುವೆ ಸಿಕ್ಕಿಕೊಂಡ ಬಿಸಿ ಪಟ್ಟಣ. ಸುಮಾರು 550 ಮೀಟರ್ ಎತ್ತರದ ಕ್ಯೂರ್‌ಪಿಪ್ ಸದಾ ತಂಪು. ಉಳ್ಳವರು ಗಂಟುಮೂಟೆ ಕಟ್ಟಿಕೊಂಡು ಮೇಲಕ್ಕೆ ಹೋದರು. ರೈಲು ಇದ್ದುದರಿಂದ ಮೇಲೆ ವಾಸವಿದ್ದು ಕೆಳಗೆ ಕೆಲಸಕ್ಕೆ ಬಂದುಹೋಗುವುದು ಸಾಧ್ಯವಾಯಿತು. ಬೋ ಬಸಾಂ, ರೋಸ್ ಹಿಲ್, ಕಾತ್ರ್ ಬೋರ್ನ್, ವಕೋವಾ, ಕ್ಯೂರ್‌ಪಿಪ್ ಊರುಗಳು ಹಳಿಯ ಆಸುಪಾಸಿನಲ್ಲೇ ಬೆಳೆದು ಒಂದಕ್ಕೊಂದು ಅಂಟಿಕೊಂಡವು.

ಇಪ್ಪತ್ತನೆಯ ಶತಮಾನದಲ್ಲಿ ಬಸ್ಸು, ಲಾರಿಗಳು ಬಂದವು. ರೈಲ್ವೆ ನಷ್ಟಕ್ಕೆ ಬಿತ್ತು. 1956ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1964ರಲ್ಲಿ ಸರಕು ಸಾಗಣೆಯೂ ನಿಂತಿತು. ಹಳಿ ಕಿತ್ತ ಜಾಗ ಎಷ್ಟೋ ಕಡೆ ಸರ್ಕಾರದ ಕೈಯಲ್ಲೇ ಉಳಿಯಿತು. ಕೆಲವೆಡೆ ಅದು ರಸ್ತೆಯಾಯಿತು, ಕೆಲವೆಡೆ ಮರಗಳ ನೆರಳಿನ ಕಾಲುದಾರಿ, ಇನ್ನು ಕೆಲವೆಡೆ ಅದರ ಅಂಚಿನಲ್ಲಿ ಬಡವರ ಮನೆಗಳು ಎದ್ದವು. ಈಗಿನ ಮೆಟ್ರೋ ಬಹುತೇಕ ಸಾಗುವುದು ಈ ಹಳೆಯ ಜಾಡಿನಲ್ಲೇ. ಮಾರಿಷಸ್‌ನ ರೈಲು ಚರ್ಚೆಯಲ್ಲಿ ಈ ಒಂದು ಸಂಗತಿಗೆ ಸಲ್ಲಬೇಕಾದ ತೂಕ ಸಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಈಗ ರೈಲಿಗೆ ಬೇಕಾಗಿರುವ ಜನಸಾಂದ್ರತೆಯನ್ನು ಬಿಟ್ಟುಹೋದದ್ದು ಹಿಂದಿನ ರೈಲೇ.

ಒಪ್ಪಂದ, ರದ್ದತಿ, ಮತ್ತೆ ಒಪ್ಪಂದ

1968ರಲ್ಲಿ ಸ್ವಾತಂತ್ರ್ಯ ಬಂತು. ಎಂಬತ್ತರ ದಶಕದಿಂದ ಜವಳಿ ಕಾರ್ಖಾನೆ, ಪ್ರವಾಸೋದ್ಯಮ, ಆಮೇಲೆ ಬ್ಯಾಂಕಿಂಗ್. ಕೈಯಲ್ಲಿ ಕಾಸು ಬಂದಂತೆ ಕಾರುಗಳೂ ಬಂದವು. ಈಗ ನೋಂದಾಯಿತ ವಾಹನಗಳೇ ಆರು ಲಕ್ಷಕ್ಕೂ ಹೆಚ್ಚು, ಎಂದರೆ ಇಬ್ಬರಿಗೊಂದು. ಬೆಳಿಗ್ಗೆ ಪೋರ್ಟ್ ಲೂಯಿಗೆ ಇಳಿಯುವ, ಸಂಜೆ ಅಲ್ಲಿಂದ ಏರುವ ದಾರಿಗಳು ಕಟ್ಟಿಹೋದವು.

ಲಘು ರೈಲಿನ ವರದಿಗಳು ಬಂದವು, ಕಪಾಟು ಸೇರಿದವು. ನವೀನ್ ರಾಮಗೂಲಂ ಅವರ ಲೇಬರ್ ಸರ್ಕಾರ ಸಿಂಗಾಪುರದ ತಜ್ಞರಿಂದ ಯೋಜನೆ ಮಾಡಿಸಿ 2014ರ ಹೊತ್ತಿಗೆ ಗುತ್ತಿಗೆದಾರರ ಆಯ್ಕೆಯ ಹಂತಕ್ಕೆ ಬಂದಿತ್ತು. ಅದೇ ವರ್ಷ ಡಿಸೆಂಬರ್ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಅನಿರುದ್ಧ ಜಗನ್ನಾಥ್ ನೇತೃತ್ವದ ಹೊಸ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಎರಡೇ ವರ್ಷದಲ್ಲಿ ಅದೇ ಸರ್ಕಾರ ಅದನ್ನು ‘ಮೆಟ್ರೋ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಮರಳಿ ತಂದಿತು. ನಡುವೆ ಬದಲಾದದ್ದು ಹಣದ ಮೂಲ. 2016ರಲ್ಲಿ ಭಾರತ 35.3 ಕೋಟಿ ಡಾಲರ್‌ನ ವಿಶೇಷ ಆರ್ಥಿಕ ನೆರವು ಘೋಷಿಸಿತು. ಸುಪ್ರೀಂ ಕೋರ್ಟ್ ಕಟ್ಟಡ, ಆಸ್ಪತ್ರೆ, ಬಡವರ ಮನೆ, ಶಾಲಾ ಮಕ್ಕಳಿಗೆ ಟ್ಯಾಬ್ಲೆಟ್‌ಗಳ ಜೊತೆಗೆ 27.5 ಕೋಟಿ ಡಾಲರ್ ಮೆಟ್ರೋಗೇ ಮೀಸಲಾಯಿತು. ಆಮೇಲೆ ಸಾಲವೂ ಸೇರಿತು. 2017ರ ಜುಲೈನಲ್ಲಿ 1,880 ಕೋಟಿ ಮಾರಿಷಸ್ ರೂಪಾಯಿಯ ಗುತ್ತಿಗೆಗೆ ಸಹಿ ಬಿತ್ತು.

ಕೆಲಸ ಮಾತ್ರ ಚುರುಕಾಗಿ ನಡೆಯಿತು. 2019ರ ಅಕ್ಟೋಬರ್ 3ರಂದು ಎರಡೂ ದೇಶಗಳ ಪ್ರಧಾನಿಗಳು ವಿಡಿಯೊ ಮೂಲಕ ಉದ್ಘಾಟಿಸಿದರು. ಮೊದಲು ರೋಸ್ ಹಿಲ್‌ನಿಂದ ಪೋರ್ಟ್ ಲೂಯಿ, 2021ರಲ್ಲಿ ಕಾತ್ರ್ ಬೋರ್ನ್, 2022ರ ಅಕ್ಟೋಬರ್ ಹೊತ್ತಿಗೆ ಕ್ಯೂರ್‌ಪಿಪ್. ಹೀಗೆ ಸುಮಾರು 26 ಕಿಲೋಮೀಟರ್‌ನ ಮುಖ್ಯ ಮಾರ್ಗ ಪೂರ್ತಿಯಾಯಿತು. 2023ರ ಜನವರಿಯಲ್ಲಿ ರೋಸ್ ಹಿಲ್‌ನಿಂದ ಎಬೆನ್ ಮೂಲಕ ವಿಶ್ವವಿದ್ಯಾಲಯವಿರುವ ರೆದ್ವಿಗೆ ಕವಲು ಹೊರಟಿತು. ಗಾಡಿಗಳು ಸ್ಪೇನಿನ ಸಿಎಎಫ್ ಕಂಪನಿಯವು. ಒಂದೊಂದೂ ಸುಮಾರು 45 ಮೀಟರ್ ಉದ್ದ, ಮುನ್ನೂರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ.

ರೈಲು ಬೇಕೇ ಬೇಕು ಎನ್ನುವವರು

ಇವರ ವಾದದ ಬುಡದಲ್ಲಿರುವುದು ಭೂಗೋಳ. ದೇಶ ಚಿಕ್ಕದಾದರೆ ಸಾಕು ರೈಲು ವ್ಯರ್ಥ ಎನ್ನುವುದು ತಪ್ಪು, ಜನ ಹೇಗೆ ಹಂಚಿಹೋಗಿದ್ದಾರೆ ಎಂಬುದನ್ನು ನೋಡಬೇಕು ಎನ್ನುತ್ತಾರೆ. ಮಾರಿಷಸ್‌ನ ನಗರವಾಸಿಗಳಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ ವಾಸವಾಗಿದ್ದಾರೆ. ಕೆಲಸದ ಜಾಗಗಳಲ್ಲಿ ಬಹಳಷ್ಟು ಆ ಸಾಲಿನ ಒಂದು ತುದಿಯಲ್ಲಿವೆ. ಪೋರ್ಟ್ ಲೂಯಿಯ ಬೆನ್ನಿಗೆ ಬೆಟ್ಟ, ಎದುರಿಗೆ ಸಮುದ್ರ. ಹೊಸ ರಸ್ತೆಗೆ ಜಾಗ ಹುಡುಕುವುದೇ ಕಷ್ಟ, ಸಿಕ್ಕರೂ ಆ ರಸ್ತೆ ಹೊತ್ತು ತರುವ ಕಾರುಗಳನ್ನು ನಿಲ್ಲಿಸಲು ಪಟ್ಟಣದೊಳಗೆ ಜಾಗವಿಲ್ಲ.

ಇವರು ಸದಾ ಎತ್ತಿಹೇಳುವ ಉದಾಹರಣೆ ಸಿಂಗಾಪುರ. ಅಲ್ಲಿಯೂ 1980ರ ಸುಮಾರಿಗೆ ಇದೇ ಜಗಳ ನಡೆದಿತ್ತು. ಸರ್ಕಾರ ಕರೆಸಿದ ಹಾರ್ವರ್ಡ್ ತಜ್ಞರ ತಂಡ ರೈಲು ಬೇಡ, ಬಸ್ಸುಗಳೇ ಸಾಕು ಎಂದಿತು. ಹಣದ ಲೆಕ್ಕದಲ್ಲಿ ಬಿಗಿಯಾಗಿದ್ದ ಉಪಪ್ರಧಾನಿ ಗೋ ಕೆಂಗ್ ಸ್ವೀ ಅವರಿಗೂ ರೈಲಿನ ಬಗ್ಗೆ ಅನುಮಾನವಿತ್ತು. ಸಚಿವ ಓಂಗ್ ಟೆಂಗ್ ಚಿಯೊಂಗ್ ರೈಲಿನ ಪರ ನಿಂತರು. 1982ರಲ್ಲಿ ರೈಲೇ ಎಂದು ತೀರ್ಮಾನವಾಗಿ 1987ರಲ್ಲಿ ಮೊದಲ ಗಾಡಿ ಓಡಿತು. ಇಂದು ಅದಿಲ್ಲದ ಸಿಂಗಾಪುರವನ್ನು ಯಾರೂ ಊಹಿಸಲಾರರು.

ಈ ಉದಾಹರಣೆ ಸತ್ಯ, ಆದರೆ ಅರ್ಧ. ಸಿಂಗಾಪುರ ರೈಲಿಗೆ ಮೊದಲೇ, 1975ರಲ್ಲಿ, ನಗರದ ನಡುಭಾಗಕ್ಕೆ ಕಾರು ತರುವವರಿಂದ ಹಣ ಕೀಳಲು ಶುರುಮಾಡಿತ್ತು. 1990ರಿಂದ ಕಾರು ಕೊಳ್ಳುವ ಹಕ್ಕನ್ನೇ ಹರಾಜಿಗಿಟ್ಟಿತು. ಬಹುಪಾಲು ಜನರಿಗೆ ಮನೆ ಕಟ್ಟಿಕೊಡುವುದೂ ಅಲ್ಲಿ ಸರ್ಕಾರವೇ ಆದ್ದರಿಂದ, ಊರು ಎಲ್ಲಿ ಬೆಳೆಯಬೇಕು, ನಿಲ್ದಾಣ ಎಲ್ಲಿ ಬರಬೇಕು ಎರಡಕ್ಕೂ ಒಟ್ಟಿಗೆ ಗೆರೆ ಎಳೆಯಿತು. ಮಾರಿಷಸ್ ರೈಲನ್ನು ತಂದಿತು, ಉಳಿದೆರಡನ್ನು ತರಲಿಲ್ಲ. ಬದಲಿಗೆ ರೈಲು ಕಟ್ಟುತ್ತಿದ್ದಾಗಲೇ ಫೀನಿಕ್ಸ್ ವೃತ್ತದಲ್ಲಿ ಮೇಲ್ಸೇತುವೆಗಳನ್ನೂ ಕಟ್ಟಿ ಕಾರಿನ ದಾರಿಯನ್ನು ಸುಗಮಗೊಳಿಸಿತು. ರೈಲಿನ ಪರ ವಾದಿಸುವವರಲ್ಲಿ ಹೆಚ್ಚಿನವರು ಈ ವಿಚಾರಕ್ಕೆ ಬಂದಾಗ ಮಾತು ಕಡಿಮೆ ಮಾಡುತ್ತಾರೆ.

ಬಸ್ಸಿನ ಪರ

ಮಾರಿಷಸ್‌ನಲ್ಲಿ ಬಸ್ಸು ಬರಿಯ ವಾಹನವಲ್ಲ, ಒಂದು ದೊಡ್ಡ ಜೀವನೋಪಾಯ. ಸರ್ಕಾರಿ ಸಾರಿಗೆ ಸಂಸ್ಥೆ, ಒಂದೊಂದು ಪ್ರದೇಶ ಹಿಡಿದಿರುವ ಖಾಸಗಿ ಕಂಪನಿಗಳು, ಒಂದೆರಡು ಬಸ್ಸು ಇಟ್ಟುಕೊಂಡು ಸಹಕಾರ ಸಂಘದಡಿ ಓಡಿಸುವ ಮಾಲೀಕರು ಎಲ್ಲರೂ ಸೇರಿ ದ್ವೀಪದ ಮೂಲೆಮೂಲೆಗೆ ಜನರನ್ನು ಮುಟ್ಟಿಸುತ್ತಾರೆ. ದರ ನಿಗದಿ ಸರ್ಕಾರದ್ದು. 2005ರಿಂದ ವಿದ್ಯಾರ್ಥಿಗಳಿಗೂ ಹಿರಿಯರಿಗೂ ಪ್ರಯಾಣ ಉಚಿತ, ಅದರ ಹಣವನ್ನು ಸರ್ಕಾರ ಬಸ್ಸಿನವರಿಗೆ ತುಂಬಿಕೊಡುತ್ತದೆ.

ಬಸ್ ಪರ ಇರುವವರು ಹೇಳುವುದು ನೇರ: ಅದೇ ಹಳೆಯ ರೈಲು ಜಾಡಿನಲ್ಲಿ ಬಸ್ಸಿಗೆ ಮಾತ್ರ ಮೀಸಲಾದ ಕಾಂಕ್ರೀಟ್ ರಸ್ತೆ ಹಾಕಿದ್ದರೆ ಖರ್ಚು ಎಷ್ಟೋ ಕಡಿಮೆಯಾಗುತ್ತಿತ್ತು. ಬಸ್ಸು ಮೀಸಲು ರಸ್ತೆಯಿಂದ ಇಳಿದು ಯಾವ ಬಡಾವಣೆಗಾದರೂ ಹೋಗಬಲ್ಲದು, ಪ್ರಯಾಣಿಕ ಇಳಿದು ಹತ್ತುವ ಗೋಳಿಲ್ಲ. ಬಿಡಿಭಾಗ ಸ್ಥಳೀಯ ಗ್ಯಾರೇಜಿನಲ್ಲೇ ಸಿಗುತ್ತದೆ. ಇಡೀ ದ್ವೀಪವನ್ನು ನೋಡಿದಾಗ ಈ ವಾದಕ್ಕೆ ಇನ್ನೂ ಬಲ ಬರುತ್ತದೆ. ಪೂರ್ವದ ಫ್ಲಾಕ್‌ನ ಹಳ್ಳಿಯವರಿಗೆ, ದಕ್ಷಿಣದ ಕಬ್ಬಿನ ಹೊಲಗಳ ನಡುವಿನ ಊರುಗಳವರಿಗೆ ರೈಲು ಬಂದಿಲ್ಲ, ಬರುವುದೂ ಇಲ್ಲ. ಅವರ ತೆರಿಗೆಯೂ ರೈಲಿನ ನಷ್ಟ ತುಂಬಲು ಹೋಗುತ್ತದೆ.

ಇದಕ್ಕೆ ಎದುರು ಉತ್ತರವೂ ಇದೆ. ದಟ್ಟಣೆಯ ಹೊತ್ತಿನಲ್ಲಿ ಒಂದು ಗಾಡಿಯಷ್ಟು ಜನರನ್ನು ಸಾಗಿಸಲು ಐದಾರು ಬಸ್ಸು ಬೇಕು, ಐದಾರು ಚಾಲಕರು ಬೇಕು. ಅವೆಲ್ಲ ಒಟ್ಟಿಗೆ ಪೋರ್ಟ್ ಲೂಯಿಯ ಕಿರಿದಾದ ಬೀದಿಗಳಿಗೆ ಬಂದು ನಿಲ್ಲಬೇಕು. ಜೊತೆಗೆ ಕಾರಿನವನು ಕಾರು ಬಿಟ್ಟು ಬಸ್ಸು ಹತ್ತುವುದು ಅಪರೂಪ. ರೈಲು ಹತ್ತಲು ಅವನಿಗೆ ಅಷ್ಟು ಹಿಂಜರಿಕೆ ಇರುವುದಿಲ್ಲ. ಬಸ್ಸೋ ರೈಲೋ ಎಂಬ ಈ ಜಗಳವನ್ನು ನಾನು ಓದಿಕೊಂಡಷ್ಟೂ ಸ್ಪಷ್ಟವಾದದ್ದು, ಇದನ್ನು ಆಯ್ಕೆಯ ಪ್ರಶ್ನೆಯಾಗಿ ಇಟ್ಟದ್ದೇ ತಪ್ಪು ಎಂಬುದು. ರೈಲು ಬಂದ ದಿನದಿಂದ ಬಸ್ಸುಗಳು ನಿಲ್ದಾಣಕ್ಕೆ ಜನರನ್ನು ತಂದು ಸುರಿಯುವಂತೆ ಮಾರ್ಗಗಳನ್ನೆಲ್ಲ ಹೊಸದಾಗಿ ಬರೆಯಬೇಕಿತ್ತು. ಕೆಲವು ನಿಲ್ದಾಣಗಳಿಗೆ ಪೂರಕ ಬಸ್ಸುಗಳು ಬಂದವು. ಇಡೀ ಜಾಲ ಮಾತ್ರ ಹಾಗೇ ಉಳಿದು, ರೈಲು ಹೋಗುವ ದಾರಿಯಲ್ಲೇ ಬಸ್ಸೂ ಅದೇ ಪ್ರಯಾಣಿಕನಿಗಾಗಿ ಪೈಪೋಟಿ ನಡೆಸುತ್ತಿದೆ.

ಸಾಲದ ಲೆಕ್ಕ ಕೇಳುವವರು

ಮೂರನೆಯ ಪಂಥದವರಿಗೆ ರೈಲು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಎರಡನೆಯ ಮಾತು. ಅವರು ಕೇಳುವುದು, ಹೊರಗಿನವರ ಹಣ ಬಂದಾಗ ಯಾರ ಅಗತ್ಯ ಮೊದಲು ತೀರುತ್ತದೆ ಎಂದು. ಗಾಡಿ, ಹಳಿ, ಸಿಗ್ನಲ್, ತಂತ್ರಜ್ಞ ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕಾದ ದೇಶ ಅದು. ಬರುವ ಆದಾಯ ಮಾರಿಷಸ್ ರೂಪಾಯಿಯಲ್ಲಿ, ತೀರಿಸಬೇಕಾದ ಸಾಲ ಡಾಲರ್‌ನಲ್ಲಿ. ಅಲ್ಲಿನ ರೂಪಾಯಿ ಕುಸಿದಾಗಲೆಲ್ಲ ಹಳಿಯ ಬೆಲೆ ತಾನಾಗಿ ಏರುತ್ತದೆ.

ಸಣ್ಣ ದ್ವೀಪಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕನ್ನು ಇವರು ಸರಿಯಾಗಿ ಗುರುತಿಸಿದ್ದಾರೆ. ಡಿಪೋ, ನಿಯಂತ್ರಣ ಕೊಠಡಿ, ತರಬೇತಾದ ತಂತ್ರಜ್ಞರು, ಬಿಡಿಭಾಗಗಳ ದಾಸ್ತಾನು, ಇವುಗಳ ಖರ್ಚು 26 ಕಿಲೋಮೀಟರ್ ರೈಲಿಗೂ 100 ಕಿಲೋಮೀಟರ್ ರೈಲಿಗೂ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡ ದೇಶದಲ್ಲಿ ಒಂದು ನಗರದ ಮೆಟ್ರೋ ಪಕ್ಕದ ನಗರದಿಂದ ಬಿಡಿಭಾಗವನ್ನೋ ಎಂಜಿನಿಯರನ್ನೋ ಕಡ ತರಬಹುದು. ಮಾರಿಷಸ್‌ಗೆ ಪಕ್ಕದ ನಗರವೆಂದರೆ ಸಾಗರದಾಚೆ.

ಹಣದ ಈ ಭಯ ಬೇರೆ ದ್ವೀಪಗಳಲ್ಲಿ ಬೇರೆ ಬೇರೆ ಫಲ ಕೊಟ್ಟಿದೆ. ಮಾರಿಷಸ್‌ಗೆ ಹತ್ತಿರದ, ಫ್ರಾನ್ಸಿನ ಭಾಗವಾಗಿರುವ ರೆಯೂನಿಯನ್‌ನಲ್ಲಿ ಪಾಲ್ ವೆರ್ಜೆಸ್ ಅವರ ಆಡಳಿತ ಟ್ರಾಮ್-ರೈಲು ಯೋಜನೆಯನ್ನು ಒಪ್ಪಂದದ ಬಾಗಿಲವರೆಗೆ ತಂದಿತ್ತು. 2010ರ ಪ್ರಾದೇಶಿಕ ಚುನಾವಣೆಯಲ್ಲಿ ಅವರು ಸೋತರು, ಯೋಜನೆ ಸತ್ತಿತು. ಅದರ ಬದಲು ಕಡಲ ಮೇಲೆ ಕಂಬ ನೆಟ್ಟು ಹೊಸ ಕರಾವಳಿ ರಸ್ತೆ ಹಾಕಿದರು. ಆ ರಸ್ತೆಗೇ ನೂರಾರು ಕೋಟಿ ಯೂರೊ ನೀರಿನಂತೆ ಹರಿಯಿತು. ಅದರ ಸೇತುವೆ ಭಾಗ ವಾಹನಗಳಿಗೆ ತೆರೆದದ್ದು 2022ರಲ್ಲಿ. ಉಳಿತಾಯದ ಹೆಸರಿನಲ್ಲಿ ರೈಲು ಬಿಟ್ಟವರಿಗೆ ಉಳಿತಾಯ ಆಗಲಿಲ್ಲ.

ಕೊಲಂಬೊದಲ್ಲಿ ಜಪಾನಿನ ಸಾಲದಿಂದ ಬರಬೇಕಿದ್ದ ಲಘು ರೈಲನ್ನು ಗೊಟಬಯ ರಾಜಪಕ್ಸ ಸರ್ಕಾರ 2020ರಲ್ಲಿ ವೆಚ್ಚಕ್ಕೆ ತಕ್ಕದ್ದಲ್ಲ ಎಂದು ರದ್ದು ಮಾಡಿತು. ಮಾಲ್ಟಾದ ಕತೆ ಇನ್ನೂ ಬೇರೆ. ಅಲ್ಲಿನ ರೈಲು 1931ರಲ್ಲೇ ಬಸ್ಸಿಗೆ ಸೋತು ನಿಂತಿತ್ತು. 2021ರಲ್ಲಿ ಬಹುಪಾಲು ನೆಲದಡಿಯಲ್ಲೇ ಸಾಗುವ ಮೆಟ್ರೋದ ನಕ್ಷೆ ಹೊರಬಿತ್ತು, ಅಂದಾಜು 620 ಕೋಟಿ ಯೂರೊ. ಐದು ಲಕ್ಷ ಚಿಲ್ಲರೆ ಜನರ ದೇಶದಲ್ಲಿ ಅದು ತಲೆಗೆ ಸುಮಾರು ಹನ್ನೆರಡು ಸಾವಿರ ಯೂರೊ. ಮರುವರ್ಷ ಸರ್ಕಾರ ಮಾಡಿದ್ದು ಸ್ಥಳೀಯರ ಬಸ್ ಪ್ರಯಾಣವನ್ನು ಉಚಿತಗೊಳಿಸುವ ಕೆಲಸ. ಈ ದ್ವೀಪಗಳೊಂದಿಗೆ ಹೋಲಿಸಿದರೆ ಹಳೆಯ ಜಾಡು ಕೈಯಲ್ಲಿದ್ದ ಮಾರಿಷಸ್‌ಗೆ ಸುರಂಗ ಕೊರೆಯುವ ಖರ್ಚು ಬರಲಿಲ್ಲ. ಅದು ಚಿಕ್ಕ ಅನುಕೂಲವಲ್ಲ.

ಹೀಗಿದ್ದೂ ಸಾಲದ ಪ್ರಶ್ನೆ ಕೇಳುವವರನ್ನು ನಾನು ತಳ್ಳಿಹಾಕಲಾರೆ. ಕೋಟಿಗಟ್ಟಲೆ ಹಣದ ಒಪ್ಪಂದದ ವಿವರಗಳು, ಪ್ರಯಾಣಿಕರ ಅಂದಾಜು ಹೇಗೆ ಕಟ್ಟಿದರು ಎಂಬ ಲೆಕ್ಕ, ನಷ್ಟವಾದರೆ ಯಾರು ತುಂಬಬೇಕು ಎಂಬ ಷರತ್ತು, ಇವೆಲ್ಲ ಮೊದಲ ಗುದ್ದಲಿ ಬೀಳುವ ಮುಂಚೆ ಜನರ ಮುಂದೆ ಇರಬೇಕಿತ್ತು. ಇರಲಿಲ್ಲ.

ಮನೆ ಕಳೆದುಕೊಂಡವರು, ಊರು ಕಟ್ಟುವವರು

2017ರಲ್ಲಿ ಲಾ ಬ್ಯೂಟ್ ಮತ್ತು ಬಾರ್ಕ್ಲಿ ಎಂಬ ಬಡಾವಣೆಗಳಲ್ಲಿ ಹಳಿಯ ದಾರಿಗೆ ಅಡ್ಡಬಂದ ಮನೆಗಳನ್ನು ಕೆಡವಿದರು. ಪ್ರತಿಭಟನೆಗಳು ನಡೆದವು, ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ತಲೆತಲಾಂತರದಿಂದ ಅಲ್ಲಿದ್ದವರಿಗೆ ಸರ್ಕಾರಿ ಜಾಗದಲ್ಲಿದ್ದೀರಿ ಎಂಬ ಒಂದೇ ಉತ್ತರ ಸಾಕಾಗುವುದಿಲ್ಲ. ರೋಸ್ ಹಿಲ್ ಸುತ್ತಮುತ್ತ ಹಳೆಯ ಜಾಡಿನ ಮರಗಳಿಗೆ ಕೊಡಲಿ ಬಿದ್ದಾಗಲೂ ಜನ ಬೀದಿಗಿಳಿದರು. ದೇಶಕ್ಕೆ ಉಪಯೋಗವಾಗುವ ಕೆಲಸದ ಕಷ್ಟವನ್ನೆಲ್ಲ ಬಡವರ ಒಂದೆರಡು ಬೀದಿಗಳೇ ಹೊರಬೇಕೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ದೊಡ್ಡ ಯೋಜನೆಗಳ ಸಮೀಕ್ಷೆಗಳಲ್ಲಿ ಇದು ಅಡಿಟಿಪ್ಪಣಿಯಾಗಿ ಮುಗಿದುಹೋಗುವುದು ನನಗೆ ಸಮ್ಮತವಲ್ಲ.

ನಗರಯೋಜಕರು ನೋಡುವುದು ಬೇರೆ ಕಡೆಗೆ. ಟಿಕೆಟ್ ಹಣದಿಂದ ರೈಲಿನ ಯೋಗ್ಯತೆ ಅಳೆಯಬೇಡಿ, ನಿಲ್ದಾಣದ ಸುತ್ತ ಏನು ಬೆಳೆಯುತ್ತದೆ ನೋಡಿ ಎನ್ನುತ್ತಾರೆ. ಪೋರ್ಟ್ ಲೂಯಿಯಲ್ಲಿ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ವಿಕ್ಟೋರಿಯಾ ಅರ್ಬನ್ ಟರ್ಮಿನಲ್ ಎದ್ದಿದೆ. ಬಸ್ಸು, ಅಂಗಡಿ, ಬೀದಿ ವ್ಯಾಪಾರಿಗಳು ಎಲ್ಲರೂ ಒಂದೇ ಸೂರಿನಡಿ. ಉಳಿದ ಊರುಗಳಲ್ಲೂ ಇದೇ ಮಾದರಿ ತರುವ ಆಸೆ ಅವರದು. ನೂರೈವತ್ತು ವರ್ಷದ ಹಿಂದೆ ರೈಲು ಊರು ಕಟ್ಟಿದ್ದು ನಿಜವಾದ್ದರಿಂದ ಈ ವಾದವನ್ನು ಹಗುರವಾಗಿ ನೋಡಲಾಗದು. ಆದರೆ ಆಗ ಕಾರು ಇರಲಿಲ್ಲ.

ಪರಿಸರದ ವಾದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೈಲು ಓಡುವುದು ವಿದ್ಯುತ್ತಿನಿಂದ. ದ್ವೀಪದಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಒಂದಿಷ್ಟು ವಿದ್ಯುತ್ ತಯಾರಾದರೂ ಹೆಚ್ಚಿನ ಪಾಲು ಇಂದಿಗೂ ಆಮದು ಕಲ್ಲಿದ್ದಲು ಮತ್ತು ಎಣ್ಣೆಯಿಂದ ಬರುತ್ತದೆ. ಅದು ಬದಲಾಗುವವರೆಗೆ ರೈಲಿನ ಹಸಿರು ಮಸುಕೇ.

ಇನ್ನೂ ತೀರ್ಮಾನವಾಗದ ಮಾತುಗಳು

ಪೋರ್ಟ್ ಲೂಯಿ–ಕ್ಯೂರ್‌ಪಿಪ್ ಮಾರ್ಗ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅಷ್ಟು ಜನ, ಅಷ್ಟು ಕಿರಿದಾದ ಸಾಲಿನಲ್ಲಿ, ಸಿದ್ಧ ಜಾಡಿನ ಪಕ್ಕದಲ್ಲೇ ವಾಸವಾಗಿರುವ ದ್ವೀಪಗಳು ಹೆಚ್ಚಿಲ್ಲ. ಆದರೆ ಆ ತರ್ಕ ಮುಂದಿನ ಪ್ರತಿ ವಿಸ್ತರಣೆಗೂ ತಾನಾಗಿ ಅನ್ವಯಿಸುವುದಿಲ್ಲ. 2019ರ ಹಿಂದೂ ಮಹಾಸಾಗರ ದ್ವೀಪಗಳ ಕ್ರೀಡಾಕೂಟಕ್ಕೆ ಕ್ರೀಡಾ ಸಂಕೀರ್ಣ ಕಟ್ಟಿದ ಕೋತ್ ದೋರ್ ಕಡೆಗೆ ಹಳಿ ಒಯ್ಯುವ ಯೋಜನೆ ರೂಪುಗೊಂಡಿತ್ತು. ಅಲ್ಲಿ ಊರು ಇನ್ನೂ ಬೆಳೆಯಬೇಕಾಗಿದೆ. ರೈಲು ಹೋದರೆ ಊರು ಬೆಳೆಯುತ್ತದೋ, ಊರು ಬೆಳೆದ ಮೇಲೆ ರೈಲು ಹೋಗಬೇಕೋ? ಇದಕ್ಕೆ ಒಪ್ಪಿತವಾದ ಉತ್ತರ ಯಾರಲ್ಲೂ ಇಲ್ಲ.

ರೈಲು ಕಾರಿನವರನ್ನು ಸೆಳೆಯಿತೋ, ಬಸ್ ಪ್ರಯಾಣಿಕರನ್ನು ಮಾತ್ರ ಕಿತ್ತುಕೊಂಡಿತೋ ಎನ್ನುವುದೂ ತೀರ್ಮಾನವಾಗಿಲ್ಲ. ಸೇವೆ ಶುರುವಾದ ಎರಡೂವರೆ ತಿಂಗಳಿಗೇ ಕೋವಿಡ್ ಲಾಕ್‌ಡೌನ್ ಬಂದುದರಿಂದ ಮೊದಲ ವರ್ಷಗಳ ಅಂಕಿಗಳಿಂದ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. 2024ರ ನವೆಂಬರ್ ಚುನಾವಣೆಯಲ್ಲಿ, ಹತ್ತು ವರ್ಷದ ಹಿಂದೆ ಇದೇ ಲಘು ರೈಲನ್ನು ತರಲು ಹೊರಟಿದ್ದ ರಾಮಗೂಲಂ ಅವರೇ ಅಧಿಕಾರಕ್ಕೆ ಮರಳಿದ್ದಾರೆ. ಮೆಟ್ರೋ ಕಂಪನಿಯ ನಷ್ಟ ಮತ್ತು ಸಾಲ ಈಗ ಅವರ ಮೇಜಿನ ಮೇಲಿದೆ. ಇನ್ನು ಚಂಡಮಾರುತದ ಭಯ. 2024ರ ಜನವರಿಯಲ್ಲಿ ‘ಬೆಲಾಲ್’ ಬಂದಾಗ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದವು. ಅಂಥ ಮಳೆ ಪದೇ ಪದೇ ಬರತೊಡಗಿದರೆ ನೆಲಮಟ್ಟದ ಹಳಿಯ ನಿರ್ವಹಣೆಗೆ ಎಷ್ಟು ಬೇಕಾದೀತು ಎಂಬ ಲೆಕ್ಕವನ್ನೂ ಹಾಕಬೇಕಾಗಿದೆ.

ಈ ಪ್ರಶ್ನೆಗಳಿಗೆ ಉತ್ತರ ಬೇಕೆಂದರೆ ಎರಡು ಕೆಲಸ ತಡವಿಲ್ಲದೆ ಆಗಬೇಕು. ಮಾರಿಷಸ್ ಸರ್ಕಾರ ಹೊಸ ಹಳಿ ಹಾಕುವ ಮೊದಲು ಬಸ್ ಮಾರ್ಗಗಳನ್ನು ರೈಲಿನೊಂದಿಗೆ ಹೊಂದಿಸಿ, ಒಂದೇ ಟಿಕೆಟ್‌ನಲ್ಲಿ ಎರಡನ್ನೂ ಹತ್ತುವಂತೆ ಮಾಡಬೇಕು. ಹಣ ಕೊಟ್ಟ ಭಾರತವೂ ಉದ್ಘಾಟನೆಗೆ ತನ್ನ ಪಾಲು ಮುಗಿಯಿತು ಎಂದುಕೊಳ್ಳದೆ, ಆ ಹಣದಿಂದ ಎಷ್ಟು ಜನರ ಪ್ರಯಾಣ ನಿಜವಾಗಿ ಸುಧಾರಿಸಿದೆ ಎಂಬ ಸ್ವತಂತ್ರ ಮೌಲ್ಯಮಾಪನ ಮಾಡಿಸಿ ಎರಡೂ ದೇಶಗಳ ಜನರ ಮುಂದಿಡಬೇಕು. ಅದನ್ನು ಕೇಳುವ ಹಕ್ಕು ಪೋರ್ಟ್ ಲೂಯಿಯ ಪ್ರಯಾಣಿಕನಿಗೆ ಎಷ್ಟಿದೆಯೋ ಇಲ್ಲಿ ತೆರಿಗೆ ಕಟ್ಟುವ ನಮಗೂ ಅಷ್ಟೇ ಇದೆ.